ಕಿಟಕಿಯ ಕೆಳಗಿನ ಗೋಡೆ

ಅಂದು ನೋಡಿದ ಮೂರನೆಯ ಬಾಡಿಗೆ ಕೋಣೆಯ ಗೋಡೆ ತಟ್ಟಿ ನೋಡಲು ಕೈಯೆತ್ತಿದ ಗಾರೆ ಮೇಸ್ತ್ರಿ ಅಪ್ಪ, ಯಾಕೋ ಕೈ ಇಳಿಸಿದ. “ಇಲ್ಲಿರೋಳು ನೀನು. ನೀನೇ ನೋಡು.”

ವೈದ್ಯಕೀಯ ಕಾಲೇಜಿನ ಮೊದಲ ವರ್ಷಕ್ಕೆ ಸೇರಿದ್ದ ಮಗಳು ಅಪ್ಪನ ಹಾಗೆಯೇ ಗೋಡೆಗೆ ಕಿವಿಯಾನಿಸಿ, ಬೆರಳ ಗೆಣ್ಣಿನಿಂದ ತಟ್ಟುತ್ತ ಹೋದಳು. ಕಿಟಕಿಯ ಕೆಳಗೆ ಅವಳ ಕೈ ನಿಂತಿತು. “ಇಲ್ಲಿ ಟೊಳ್ಳು. ಒಳಗೆ ನೀರು ಇಳೀತಿದೆ, ಮೇಲೆ ಬಣ್ಣ ಬಳಿದು ಮುಚ್ಚಿದಾರೆ. ಈ ರೂಮು ಬೇಡ.”

ಮನೆಯೊಡತಿ ಮುಖ ಗಂಟಿಕ್ಕಿದಳು. “ಕಾಲೇಜು ಎದುರಿಗೇ ಇದೆ. ಇಷ್ಟು ಹತ್ತಿರ ಬೇರೆ ಎಲ್ಲಿ ಸಿಗತ್ತೆ? ನೀವಾದ್ರೂ ಹೇಳಿ, ಯಜಮಾನ್ರೇ.”

ತನ್ನ ಜೊತೆಯ ಮೇಸ್ತ್ರಿಗಳು ಕಟ್ಟಿದ್ದನ್ನೂ ತಾನೇ ಇನ್ನೊಮ್ಮೆ ತಟ್ಟಿ ನೋಡದೆ ಬಿಡದ ಅಪ್ಪ, ಆ ಗೋಡೆಯತ್ತ ತಿರುಗಲೂ ಇಲ್ಲ. ಮಗಳ ಚೀಲವನ್ನು ಹೆಗಲಿಗೇರಿಸಿಕೊಂಡ.

“ನಂದೇನಿದೆಯಮ್ಮಾ,” ಅಂದ. “ಡಾಕ್ಟ್ರು ಬೇಡ ಅಂದ್ರಲ್ಲ.”