ರವಿವಾರದ ಹಾಜರಿ

ಟೀಚರ್ ರೇಣಮ್ಮ ಶಾಲೆಯ ಹಿಂಬಾಗಿಲಿನಿಂದ ಒಳಹೊಕ್ಕು ಅಗುಳಿ ಹಾಕಿಕೊಂಡಳು. ರವಿವಾರ, ಮಧ್ಯಾಹ್ನ ಎರಡು ಗಂಟೆ. ವನದುರ್ಗದ ನಾಯಿಗಳೂ ನೆರಳು ಹುಡುಕಿ ಮಲಗಿದ್ದವು.

ಕೋಟೆಗೋಡೆಯ ಮರೆಯಲ್ಲಿ ಕುಳಿತಿದ್ದ ಶಾಲೆಯ ಜವಾನ ಚಾಂದಪಾಶಾ ಬೀಡಿ ಆರಿಸಿದ. ಅವನು ಯಾದಗಿರಿಯಿಂದ ವರ್ಗವಾಗಿ ಬಂದು ಮೂರೇ ವಾರ. ಹಿಂದಿನ ಎರಡು ರವಿವಾರವೂ ಇದನ್ನೇ ಕಂಡಿದ್ದ. ಇನ್ನೇನು ಆ ಗಂಡಸು ಬರಬೇಕು.

ಬಂದ. ತಲೆಗೂ ಮುಖಕ್ಕೂ ವಸ್ತ್ರ ಸುತ್ತಿಕೊಂಡಿದ್ದ. ಆಚೀಚೆ ನೋಡಿ ಎರಡು ಸಲ ತಟ್ಟಿದ. ಬಾಗಿಲು ತೆರೆಯಿತು, ಮುಚ್ಚಿತು.

ಚಾಂದಪಾಶಾ ಸದ್ದಿಲ್ಲದೆ ಹೋಗಿ ಮುಚ್ಚಿದ ಕಿಟಕಿಗೆ ಕಿವಿ ಹಚ್ಚಿದ.

“ಬಿಡ್ರಿ, ನನ್ನ ಕೈ ಬಿಡ್ರಿ!” ರೇಣಮ್ಮನ ದನಿ. ಹಿಂದೆಯೇ ನಗು.

“ಇವತ್ತ ನಿನ್ನ ಬಿಡಂಗಿಲ್ಲ.” ಗಂಡಸಿನ ದನಿ.

ಚಾಂದಪಾಶಾ ಅಲ್ಲಿಂದ ಓಡಿದವನು ನಿಂತದ್ದು ಭಗವಂತರಾಯನ ಅಂಗಳದಲ್ಲಿ.

ಭಗವಂತರಾಯ ಊರ ಗೌಡ, ಶಾಲಾ ಕಮಿಟಿಯ ಅಧ್ಯಕ್ಷ. ನಿಜಾಮರ ಆಳ್ವಿಕೆ ಮುಗಿದು, ವಾರದ ಸೂಟಿ ಶುಕ್ರವಾರದಿಂದ ರವಿವಾರಕ್ಕೆ ಬಂದು, ಊರಿಗೊಂದು ಕನ್ನಡ ಶಾಲೆ ಆಗಿ ನಾಲ್ಕು ವರ್ಷವಾಗಿತ್ತು. ಹೆಣ್ಣುಮಕ್ಕಳನ್ನು ಕಳಿಸಿರೆಂದು ಮನೆಮನೆ ತಿರುಗಿದವನು ಅವನೇ. ಹೆಂಗಸು ಟೀಚರೇ ಬೇಕೆಂದು ಅರ್ಜಿ ಬರೆದು ರೇಣಮ್ಮನನ್ನು ತರಿಸಿದವನೂ ಅವನೇ. ಅವಳ ಹೆಸರು ಕೆಟ್ಟರೆ ಇಪ್ಪತ್ತೆರಡು ಹುಡುಗಿಯರು ಮರುದಿನವೇ ಪಾಟಿ ಮೂಲೆಗಿಟ್ಟು ಕುರಿಗಳ ಹಿಂದೆ ಹೋಗುವುದು ಖಂಡಿತ.

ಚಾಂದಪಾಶಾ ಬಂದಾಗ ಅವನು ಕುಂಟುವ ಕುರಿಯೊಂದರ ಕಾಲಿಗೆ ಔಷಧ ಹಚ್ಚುತ್ತಿದ್ದ. ಅಂಗಳದ ಆಚೆ ತುದಿಯಲ್ಲಿ ಹೆಂಡತಿ ಮಲಕಮ್ಮ ಒಂದು ಮಗುವಿಗೆ ನೀರು ಹೊಯ್ಯುತ್ತ, ಇನ್ನೊಂದನ್ನು ಗದರುತ್ತ, ಕಂಬಳಿ ನೇಯುವವರಿಗೆ ಉಣ್ಣೆ ಕಳಿಸಿದಿರೋ ಇಲ್ಲವೋ ಎಂದು ಗಂಡನನ್ನು ಕೂಗಿ ಕೇಳುತ್ತಿದ್ದಳು. ಒಂಬತ್ತು ಮಕ್ಕಳು, ಮುನ್ನೂರು ಕುರಿ. ಆ ಮನೆಯಲ್ಲಿ ಮೆಲ್ಲಗೆ ಮಾತಾಡಲು ಯಾರಿಗೂ ಪುರಸೊತ್ತಿರಲಿಲ್ಲ.

“ಗೌಡ್ರೆ, ಟೀಚರಮ್ಮನ ಕೂಡ ಯಾವನೋ ಒಬ್ಬಾವ ಶಾಲ್ಯಾಗ ಬಾಗಲಾ ಹಾಕ್ಕೊಂಡು ಕುಂತಾನ್ರಿ. ಖುದಾ ಕಸಮ್, ಖರೇ ಹೇಳಾಕತ್ತೀನ್ರಿ.”

ಭಗವಂತರಾಯ ಕೈ ಕೂಡ ತೊಳೆಯದೆ ಅವನೊಂದಿಗೆ ಹೊರಟ.

“ಬಾಗಲಾ ತಗೀರಿ!” ಎಂದು ಶಾಲೆಯ ಹಿಂಬಾಗಿಲು ಬಡಿದ.

ಒಳಗೆ ನಗು ಥಟ್ಟನೆ ನಿಂತಿತು. ಸ್ವಲ್ಪ ಹೊತ್ತಿಗೆ ಅಗುಳಿ ಸರಿಯಿತು. ರೇಣಮ್ಮನ ಮುಖ ಬಿಳಿಚಿತ್ತು. ಅವಳ ಬೆನ್ನ ಹಿಂದೆ ಆ ಗಂಡಸು ಕಾಲಿನಿಂದ ನೆಲದ ಮೇಲಿನ ಏನನ್ನೋ ಒರೆಸುತ್ತಿದ್ದ. ತಲೆಯ ವಸ್ತ್ರ ಜಾರಿತ್ತು.

ದೇವಿಂದ್ರಪ್ಪ! ಟೀಚರ್ ರೇಣಮ್ಮನ ಕೈಹಿಡಿದ ಗಂಡ.

ಅವನು ಶಹಾಪುರದ ಕಚೇರಿಯಲ್ಲಿ ಗುಮಾಸ್ತ. ಸೂರ್ಯ ಮೂಡುವ ಮೊದಲೇ ಸೈಕಲ್ ಹತ್ತಿ ಹೋದರೆ ದೀಪ ಹಚ್ಚುವ ಹೊತ್ತಿಗೆ ಮನೆ. ಚಾಂದಪಾಶಾ ಅವನ ಮುಖವನ್ನೇ ಕಂಡಿರಲಿಲ್ಲ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ಚೌಕಾಬಾರದ ಮನೆಗಳು, ಕಾಯಿಗಳಾಗಿ ಹುಣಸೆಬೀಜ, ನಾಲ್ಕು ಕವಡೆ.

“ಹಂಗಾರ ಕೈ ಬಿಡ್ರಿ ಅಂದದ್ದು?” ಎಂದ ಚಾಂದಪಾಶಾ.

“ಕಾಯಿ ಕದ್ದು ಸರಸಾಕತ್ತಿದ್ಳು. ಹಿಡದೆ,” ಎಂದ ದೇವಿಂದ್ರಪ್ಪ.

ಭಗವಂತರಾಯ ನಗಲಿಲ್ಲ. “ಮನ್ಯಾಗ ಆಡಾಕ ಏನಾಗ್ಯದ?”

“ಐದು ಮಕ್ಕಳು, ಅತ್ತಿ, ಮಾವ, ಮೈದುನನ ಸಂಸಾರ. ಎಲ್ಲಾರಿಗೂ ಮೂರು ಅಂಕಣದ ಮನಿ ರಿ,” ಎಂದಳು ರೇಣಮ್ಮ. “ಅತ್ತಿ ಮುಂದ ಗಂಡನ ಕೂಡ ಕುಂತು ನಗಾಕ ಬರ್ತದೇನ್ರಿ? ವಾರದಾಗ ನಮ್ಮವು ಅಂಬೋದು ಇವೆರಡೇ ತಾಸು.”

ಭಗವಂತರಾಯ ಕುರ್ಚಿ ಎಳೆದು ಕುಳಿತ. ವಿಚಾರಣೆ ಶುರುವಾಯಿತು.

“ದನಿ ಹೊರಗ ಎಷ್ಟು ದೂರ ಕೇಳಸ್ತದ?”

“ಕಿಟಕಿಗಿ ಕಿವಿ ಹಚ್ಚಿದ್ರ ಅಷ್ಟೇ ರಿ,” ಎಂದ ಚಾಂದಪಾಶಾ.

“ಮಕ್ಕಳಿಗಿ ಏನ್ ಹೇಳಿ ಬರ್ತೀರಿ?”

“ಹಾಜರಿ ಬುಕ್ ತಿದ್ದೋದದ ಅಂತೀನ್ರಿ,” ಎಂದಳು ರೇಣಮ್ಮ.

“ಮತ್ತ ನೀವು?”

“ಸೈಕಲ್ ಪಂಚರ್ ಆಗ್ಯದ ಅಂತೀನ್ರಿ,” ಎಂದ ದೇವಿಂದ್ರಪ್ಪ.

“ಪ್ರತಿ ವಾರ? ನಂಬ್ತಾರ?”

“ಇಲ್ಲಿತನ ನಂಬ್ಯಾರ್ರಿ.”

ಭಗವಂತರಾಯ ಮೀಸೆ ತೀಡುತ್ತ ಗೋಡೆಗಳನ್ನೂ ಕಿಟಕಿಯನ್ನೂ ಬಹಳ ಹೊತ್ತು ನೋಡಿದ. ಆಮೇಲೆ ಕೈ ಚಾಚಿದ.

“ಹಿಂಬಾಗಲ ಕೀಲಿ ಕೊಡ್ರಿ. ಬರೋ ರವಿವಾರ ನಾಕಕ್ಕ ಇಬ್ಬರೂ ಇಲ್ಲಿಗಿ ಬರ್ರಿ. ಕಮಿಟಿ ಫೈಸಲಾ ಅವತ್ತ ತಿಳೀತದ.”

ಆ ವಾರ ರೇಣಮ್ಮ ಮಗ್ಗಿಯನ್ನೇ ತಪ್ಪಾಗಿ ಹೇಳಿಕೊಟ್ಟಳು. ಕೆಲಸ ಹೋದರೆ ಹೋಗಲಿ, ಊರೆಲ್ಲ ನಗುತ್ತದಲ್ಲ! ಅತ್ತೆಗೆ ತಿಳಿದರೆ? ದೇವಿಂದ್ರಪ್ಪ ಒಂದು ಮಾಫಿಪತ್ರ ಬರೆದ. ಉರ್ದು ಕಡತಗಳಲ್ಲಿ ಪಳಗಿದ ಕೈ, ಕನ್ನಡ ಇನ್ನೂ ಹೊಸದು. ಹೆಂಡತಿ ಕಣ್ಣೊರೆಸಿಕೊಳ್ಳುತ್ತಲೇ ಕೆಂಪು ಶಾಯಿಯಲ್ಲಿ ಏಳು ತಪ್ಪು ತಿದ್ದಿದಳು.

“ಗೌಡ್ರು ಓದಿ ನಕ್ಕರ?” ಎಂದ ಅವನು.

“ನಕ್ಕರ ಬದುಕಿದ್ವಿ,” ಎಂದಳು ಅವಳು.

ರವಿವಾರ ನಾಲ್ಕು ಗಂಟೆಗೆ ಇಬ್ಬರೂ ಪತ್ರ ಹಿಡಿದು ಬಂದರು. ಈ ಸಲ ವಸ್ತ್ರ ಸುತ್ತಿಕೊಂಡಿರಲಿಲ್ಲ. ಮೆಟ್ಟಿಲ ಮೇಲೆ ಚಾಂದಪಾಶಾ ಕಾವಲು ಕುಳಿತಿದ್ದ. ಬಾಗಿಲಿಗೆ ಒಳಗಿನಿಂದ ಅಗುಳಿ ಬಿದ್ದಿತ್ತು.

ದೇವಿಂದ್ರಪ್ಪ ತಟ್ಟಲು ಕೈ ಎತ್ತಿದ. ಅಷ್ಟರಲ್ಲಿ ಒಳಗೆ ಕವಡೆ ಉರುಳಿದ ಸದ್ದಾಯಿತು, ಹಿಂದೆಯೇ ಒಬ್ಬ ಹೆಂಗಸು ಗಹಗಹಿಸಿ ನಕ್ಕಳು. ಅದು ಮಲಕಮ್ಮನ ದನಿ ಎಂದು ಗುರುತಿಸಲು ರೇಣಮ್ಮನಿಗೆ ಹೊತ್ತು ಹಿಡಿಯಿತು. ಗದರುವುದನ್ನು ಕೇಳಿದ್ದಳು, ನಗುವುದನ್ನು ಎಂದೂ ಕೇಳಿರಲಿಲ್ಲ.

ಚಾಂದಪಾಶಾ ತುಟಿಯ ಮೇಲೆ ಬೆರಳಿಟ್ಟ.

“ಜರಾ ತಡೀರಿ ಟೀಚರಮ್ಮ. ಒಳಗ ಕಮಿಟಿ ಸೋಲಾಕತ್ತದ.”