ದುಂಡಪ್ಪನ ಸರ್ಪಸುತ್ತು

ಸರ್ಪಸುತ್ತು ಮೈ ಸುತ್ತಿ ಅದರ ಬಾಯಿ ಬಾಲ ಕೂಡಿದರೆ ಮನುಷ್ಯ ಉಳಿಯುವುದಿಲ್ಲವೆಂದು ದೊಡವಾಡದಲ್ಲಿ ಎಲ್ಲರಿಗೂ ಗೊತ್ತಿತ್ತು. ದುಂಡಪ್ಪನ ಬೆನ್ನಲ್ಲಿ ಎದ್ದ ಗುಳ್ಳೆಗಳು ಪಕ್ಕೆ ಬಳಸಿ ಹೊಕ್ಕುಳದ ಹತ್ತಿರ ಬಂದಾಗ ಅವನು, ಕೆಮ್ಮಣ್ಣು ಹಚ್ಚಿದ್ದು ಸಾಕೆಂದು ಹೆಂಡತಿ ಕೆಂಚವ್ವನ ಕೈ ಸರಿಸಿ, ತಮ್ಮ ಮಡಿವಾಳೆಪ್ಪನಿಗೆ ಹೇಳಿಕಳಿಸಿದ.

ಬಾವಿ ನೀರಿನ ಜಗಳದಲ್ಲಿ ಮಾತು ಬಿಟ್ಟಿದ್ದ ತಮ್ಮ ಉಂಡ ಕೈ ತೊಳೆಯದೆ ಓಡಿಬಂದ. ಅಣ್ಣ ಬಾವಿಯಲ್ಲಿ ಅರ್ಧ ಪಾಲು ಕೊಟ್ಟ. ಇಬ್ಬರೂ ಅತ್ತರು. ಮಡಿವಾಳೆಪ್ಪ ಸಂಜೆತನಕ ಅಣ್ಣನ ಕಾಲೊತ್ತುತ್ತ ಕುಳಿತ.

ಮರುದಿನ ಕುಲಕರ್ಣಿಯವರ ಮಗ ಬಾಳಕೃಷ್ಣ ನೋಡಲು ಬಂದ. ಪುಣೆಯ ಪ್ರಯೋಗಾಲಯವೊಂದರಲ್ಲಿ ಇಂಥ ರೋಗ ತರುವ ವೈರಸ್ಸುಗಳ ಮೇಲೆಯೇ ಕೆಲಸ ಮಾಡುತ್ತಿದ್ದವನು, ಎಪ್ಪತ್ತೇಳರ ದೀಪಾವಳಿಗೆ ಊರಿಗೆ ಬಂದಿದ್ದ.

"ಕಾಕಾ, ಇದು ಒಂದೇ ಮಗ್ಗಲದಾಗ ಏಳತದ. ಹೊಕ್ಕಳ ದಾಟಿ ಆ ಕಡೆ ಹೋಗೂದಿಲ್ಲ. ಬಾಯಿ ಬಾಲ ಕೂಡೂದಿಲ್ಲ ಬಿಡ್ರಿ."

ದುಂಡಪ್ಪನಿಗೆ ಸಂತೋಷವಾಗಬೇಕಿತ್ತು. "ಎಲ್ಲಿಂದ ಬಂತು ಇದು?" ಎಂದ.

"ಸಣ್ಣವರಿದ್ದಾಗ ಸೀತಾಳಿ ಸಿಡುಬು ಆಗಿತ್ತಲ್ರಿ, ಅದರದೇ ವೈರಸ್ಸು. ಅವತ್ತಿನಿಂದ ನರದಾಗ ಅಡಗಿ ಕುಂತಿತ್ತು."

"ಇಷ್ಟು ವರ್ಷ ಸುಮ್ಮನಿದ್ದದ್ದು ಈಗ ಹೆಂಗ ಬೆಳೀತು?"

"ತಾನ ಬೆಳ್ಯಾಕ ಅದಕ್ಕ ಬರೂದಿಲ್ರಿ. ನಿಮ್ಮ ಜೀವಕೋಶದಾಗ ಹೊಕ್ಕು, ಅಲ್ಲಿನ ಪ್ರೋಟೀನುಗಳ ಕಡಿಂದ ಕೆಲಸ ಮಾಡಿಸಿಕೋತದ. ಕೆಲವು ಅದನ್ನ ತಡೀತಾವ, ಕೆಲವು ದುಡದು ಕೊಡತಾವ. ಯಾವುವು ಅಂತ ಹುಡುಕೂದೇ ನಮ್ಮ ಕೆಲಸ."

"ಸಿಕ್ಕಾವೇನು?"

"ಪೂರಾ ಇನ್ನೂ ಇಲ್ರಿ."

ತನ್ನ ಮೈಯೊಳಗಿನವೇ ತನ್ನ ರೋಗಕ್ಕೆ ದುಡಿಯುತ್ತವೆಂಬುದನ್ನು ದುಂಡಪ್ಪ ಜಂತಿ ನೋಡುತ್ತ ಒಪ್ಪಿಕೊಂಡ. ಅವನ ಚಿಂತೆ ಬೇರೆ ಇತ್ತು.

"ಬಾಳಕೃಷ್ಣಾ, ನಾ ಉಳೀತೇನಂತ ಮಡಿವಾಳೆಪ್ಪಗ ಹೇಳಬ್ಯಾಡ."

"ಯಾಕ್ರಿ? ಬಾವಿ ಪಾಲು ತಿರುಗಿ..."

"ಛೇ, ಕೊಟ್ಟದ್ದು ಕೊಟ್ಟಂಗ. ಅವ ನಾಳೆನೂ ಬರ್ಲಿ ಅಂತ."

ಅಷ್ಟರಲ್ಲಿ ಬೇವಿನ ಸೊಪ್ಪು ಹಿಡಿದು ಮಡಿವಾಳೆಪ್ಪನೇ ಒಳಗೆ ಬಂದ. ದುಂಡಪ್ಪ ಕಣ್ಣು ಮುಚ್ಚಿ ನರಳಿದ. ನೋವು ನಿಜವಾಗಿಯೇ ಇತ್ತು. ಸದ್ದು ಮಾತ್ರ ಸ್ವಲ್ಪ ಹೆಚ್ಚಾಯಿತು.

"ಹೆಂಗೈತ್ರಿ ನಮ್ಮಣ್ಣಗ?" ಮಡಿವಾಳೆಪ್ಪ ಕೇಳಿದ.

ಬಾಳಕೃಷ್ಣ ಸುಳ್ಳು ಹೇಳುವವನಲ್ಲ. ಗುಳ್ಳೆಗಳ ಸಾಲನ್ನು ಇನ್ನೊಮ್ಮೆ ಬಗ್ಗಿ ನೋಡಿ, "ಹೊಕ್ಕಳ ತನಕ ಬಂದದ್ರಿ" ಎಂದ.

ಮಡಿವಾಳೆಪ್ಪ ತಲೆಯ ರುಮಾಲು ಬಿಚ್ಚಿ, ಅಣ್ಣನ ರುಮಾಲಿದ್ದ ಗೂಟಕ್ಕೇ ಹಾಕಿದ.