ಒಂದು ಗೇಣು ಎತ್ತರ

ಹೊಡೆದಾಟದಲ್ಲಿ ಸೋತವನ ಎತ್ತರದಲ್ಲಿ ಒಂದು ಗೇಣು ಗೆದ್ದವನಿಗೆ ಸೇರುವುದು ಗದಗಿನ ಗಂಡಸರಿಗೆ ಹೊಸದಲ್ಲ. ಕುಳ್ಳ ಮುರಿಗೆಪ್ಪ ಮಾತ್ರ ಯಾರ ತಂಟೆಗೂ ಹೋಗದೆ ತನ್ನ ಹೊಲಿಗೆ ಅಂಗಡಿಯಲ್ಲಿ ತಲೆ ತಗ್ಗಿಸಿ ಕೂತಿರುತ್ತಿದ್ದ. ಹೆಣ್ಣಿನ ಕಡೆಯವರು, "ಹುಡುಗ ಛಲೋ ಅದಾನ, ಆದ್ರ ನಮ್ಮ ಹುಡುಗಿ ಗೌರವ್ವನ ಕಿವಿಮಟ್ಟ ಬರ್ತಾನ" ಎಂದು ನಕ್ಕು ಎದ್ದುಹೋದ ಮರುದಿನ ಅವನು ನೇರವಾಗಿ ಗರಡಿಮನೆಗೆ ಹೋದ.

ಅಲ್ಲಿದ್ದವರಲ್ಲಿ ಎಲ್ಲರಿಗಿಂತ ಎತ್ತರದವನು ಹಮಾಲಿ ಫಕೀರಪ್ಪ. ಮುರಿಗೆಪ್ಪ ಅವನ ಎದುರು ನಿಂತ.

"ಮನಿಗಿ ಹೋಗೋ ತಮ್ಮಾ. ಕಸಗೊಳ್ಳಾಕ ನಿನ್ನ ಹತ್ರ ಏನೈತಿ?" ಎಂದು ಫಕೀರಪ್ಪ ನಕ್ಕ.

ಮುರಿಗೆಪ್ಪ ಅವನ ಹೊಟ್ಟೆಗೆ ತಲೆಯಿಂದ ಗುದ್ದಿದ. ಫಕೀರಪ್ಪನ ಮೊದಲ ಏಟಿಗೇ ಮುರಿಗೆಪ್ಪನ ಮೂಗು ಮುರಿಯಿತು. ಆದರೂ ಅವನು ಬಿಡದೆ ಫಕೀರಪ್ಪನ ಕೈ ಕಚ್ಚಿದ. ನೋವಿಗೆ ಫಕೀರಪ್ಪ ಬಗ್ಗಿದಾಗ ಕೂದಲು ಹಿಡಿದು ಮುಖವನ್ನು ಕಲ್ಲುಗೋಡೆಗೆ ಅಪ್ಪಳಿಸಿದ. ಹಲ್ಲು ಉದುರಿದವು. ಫಕೀರಪ್ಪ "ಸಾಕೋ" ಎಂದ ಮೇಲೂ ಇನ್ನೆರಡು ಸಲ ಅಪ್ಪಳಿಸಿದ.

ಫಕೀರಪ್ಪ ಎದ್ದು ನಿಂತಾಗ ಅವನ ಲುಂಗಿ ನೆಲ ಗುಡಿಸುತ್ತಿತ್ತು. ಅವನು ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡು ಅತ್ತ. ಮುರಿಗೆಪ್ಪ ಅವನತ್ತ ನೋಡಲಿಲ್ಲ. ಜೀವನದಲ್ಲಿ ಮೊದಲ ಸಲ ಅವನಿಗೆ ಜನರ ತಲೆಗಳ ಆಚೆಗೆ ಬೀದಿ ಕಾಣುತ್ತಿತ್ತು. ಎದೆ ಸೆಟೆಸಿ ಹೊರಬಂದ.

ಬಾಗಿಲ ಹೊರಗೆ ಒಬ್ಬ ಗಿಡ್ಡ ಯುವಕ ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಳ್ಳುತ್ತಿದ್ದ.

"ಸಿಟ್ಟಾಗಬ್ಯಾಡ್ರೀ ಅಣ್ಣಾರ," ಎಂದು ಅವನು ಮರ್ಯಾದೆಯಿಂದ ಹೇಳಿದ, "ನಾಳಿ ನನ್ನ ನೋಡಾಕ ಹೆಣ್ಣಿನವರು ಬರ್ತಾರ."

ಮುರಿಗೆಪ್ಪ ಕೈ ಎತ್ತುವಷ್ಟರಲ್ಲಿ ಮುರಿದ ಮೂಗಿನ ಮೇಲೆಯೇ ಮುಷ್ಟಿ ಬಿತ್ತು.